ಬಾಜಾಬಾಯಿಯ ಕಲ್ಲು

"ಇನ್ನಾ ಬೆಳ್ಳಗ ಕಾಣಸ್ತೈತಿ," ಎಂದಳು ಯಂಕಮ್ಮ, ಎರಡು ಹೆಜ್ಜೆ ಹಿಂದೆ ಸರಿದು ಸೊಂಟದ ಮೇಲೆ ಕೈಯಿಟ್ಟು. "ಮದಿಮಗಳಂಗ ಹೊಳೀತೈತಿ ನೋಡು."

ಅವಳ ಗಂಡ ಅಂಬಪ್ಪ ಮತ್ತೊಂದು ಬೊಗಸೆ ಸಗಣಿ ನೀರನ್ನು ಕಲ್ಲಿನ ಮುಖಕ್ಕೆ ಎರಚಿ ಅಂಗೈಯಿಂದ ಗಸಗಸ ಉಜ್ಜಿದ. ಮೊಳಕೈವರೆಗೆ ಕೈ ಹಸಿರಾಗಿತ್ತು. ಪಕ್ಕದ ಪರಾತದಲ್ಲಿ ಹರಳೆಣ್ಣೆಯಲ್ಲಿ ಕಲಸಿದ ದೀಪದ ಮಸಿ ಇತ್ತು. ಅದಕ್ಕೆ ಬೆರಳದ್ದಿ ಒಂದೊಂದೇ ಅಕ್ಷರದ ಸಂದಿಗೆ ತುಂಬತೊಡಗಿದ, ಕೂಸಿನ ಕಣ್ಣಿಗೆ ಕಾಡಿಗೆ ತೀಡುವ ಹಾಗೆ.

"ನಿಂತು ಹೆಸರಿಡಬ್ಯಾಡಲೇ ಯಂಕಿ. ಬೂದಿ ತಾ."

"ತಂದೀನಿ ತಗೋ. ಎಂಬತ್ತು ವರ್ಷದ ಮುದುಕಿ ಮಾಡಬೇಕು, ಮೂರು ತಾಸಿನ್ಯಾಗ. ಆ ಬ್ರಹ್ಮನ ಕೈಲೂ ಆಗಿಲ್ಲ ಇದು."

"ಬ್ರಹ್ಮಗ ತಹಶೀಲ್ದಾರನ ಹೆದರಿಕಿ ಇರಲಿಲ್ಲ," ಎಂದ ಅಂಬಪ್ಪ, ಬೂದಿ ತೂರುತ್ತ.

ಬಹಮನ್ ತಿಂಗಳ ಚಳಿಯಲ್ಲಿ ಎಳೆ ಬಿಸಿಲು ಆಗಷ್ಟೇ ಗೋಡೆ ಹತ್ತಿ ಒಳಗಿಳಿಯುತ್ತಿತ್ತು. ಗೋಡೆಯೊಳಗೆ ನಲವತ್ತೊಂದು ಗೋರಿಗಳು. ಹಿಂದೊಂದು ಕಾಲಕ್ಕೆ ಲಿಂಗಸೂಗೂರಿನಲ್ಲಿ ಬಿಳಿಯರ ಪಲ್ಟನ್ನಿನ ಛಾವಣಿ, ಅಂದರೆ ದಂಡಿನ ಬೀಡು ಇತ್ತು. ಛಾವಣಿ ಎದ್ದಿತು, ಕುದುರೆಗಳು ಹೋದವು, ಬಂಗಲೆಗಳ ತೊಲೆ ಬಾಗಿಲು ಊರವರ ಮನೆ ಸೇರಿದವು. ಹೋಗಲಾರದೆ ಉಳಿದವರು ಈ ನಲವತ್ತೊಂದು ಮಂದಿ. ಊರು ಈ ಜಾಗವನ್ನು ಗೋರಾ ಕಬರಸ್ತಾನ, ಬಿಳಿಯರ ಸ್ಮಶಾನ ಎನ್ನುತ್ತಿತ್ತು. ಅದನ್ನು ಕಾಯುವ ಕೆಲಸ ಗದ್ದೆಪ್ಪನಿಂದ ಅವನ ಮಗ ಅಂಬಪ್ಪನಿಗೆ ಬಂದಿತ್ತು. ಗೋಡೆಯ ಮೂಲೆಯ ಗುಡಿಸಲೂ ಕೆಲಸದ ಜೊತೆಗೇ ಬಂದದ್ದು. ಕೆಲಸ ಹೋದರೆ ಗುಡಿಸಲೂ ಹೋಗುತ್ತದೆ. ಗುಡಿಸಲು ಹೋದರೆ ಅಂಬಪ್ಪನಿಗೆ ಈ ಭೂಮಿಯ ಮೇಲೆ ನಿಲ್ಲಲು ಬೇರೆ ಜಾಗವಿರಲಿಲ್ಲ. ಹೊಟ್ಟೆಪಾಡಿಗೆ ಅವನು ಕಲ್ಲು ಕೆತ್ತುತ್ತಿದ್ದ. ರುಬ್ಬುವ ಕಲ್ಲು, ಬೀಸುವ ಕಲ್ಲು, ದನದ ಬಾನಿ.

ಕಾವಲಿಗೆ ಓದು ಬರಹ ಬೇಕಿರಲಿಲ್ಲ. ಲೆಕ್ಕ ತಪ್ಪಬಾರದು, ಅಷ್ಟೇ. ಗದ್ದೆಪ್ಪ ದಿನಾ ಸಂಜೆ ಕೋಲು ಹಿಡಿದು ಹೊರಟು, ಒಂದೊಂದು ಗೋರಿಯನ್ನೂ ಮೆಲ್ಲಗೆ ತಟ್ಟಿ, ಕುರಿ ಎಣಿಸುವ ಹಾಗೆ ಎಣಿಸುತ್ತಿದ್ದ. ನಲವತ್ತೊಂದಾದರೆ ಉಣ್ಣಲು ಬರುತ್ತಿದ್ದ. ಇಂಗ್ರೇಜಿ ಅಕ್ಷರ ಊರಲ್ಲಿ ಯಾರಿಗೂ ಬಾರದ ಕಾಲದಲ್ಲಿ ಊರವರೇ ಗೋರಿಗಳಿಗೆ ಹೆಸರಿಟ್ಟಿದ್ದರು. ಚಳಿಜ್ವರ ಬಂದವರು ಚುಟ್ಟದ ಸಾಹೇಬನ ತಲೆಯ ಹತ್ತಿರ ಒಂದು ಚುಟ್ಟ ಹಚ್ಚಿಟ್ಟು ಹೋಗುವರು. ಕುಂಟುವ ಎತ್ತನ್ನು ಕುದುರೆ ದೊರೆಯ ಸುತ್ತ ಮೂರು ಸುತ್ತು ಹಾಕಿಸುವರು. ಇನ್ನು ಬಾಜಾಬಾಯಿ. ಊರಿನಲ್ಲಿ ಯಾರ ಮದುವೆಯ ಮೆರವಣಿಗೆಯೇ ಬರಲಿ, ವಾಲಗದವರು ಕಬರಸ್ತಾನದ ಬಾಗಿಲ ಮುಂದೆ ನಿಂತು ಅವಳಿಗೆ ಒಂದು ಸುತ್ತು ಬಾರಿಸಿಯೇ ಮುಂದೆ ಹೋಗಬೇಕು. ಯಾಕೆ ಎಂದು ಯಾರೂ ಕೇಳಿದವರಲ್ಲ.

ಈಗ ಅಂಬಪ್ಪ ಸಗಣಿ ಬಳಿಯುತ್ತಿದ್ದದ್ದು ಆ ಬಾಜಾಬಾಯಿಯ ಕಲ್ಲಿಗೆ. ಕಲ್ಲು ಮಾತ್ರ ಅವಳದ್ದಲ್ಲ. ನಿನ್ನೆ ಸಂಜೆ ನಿಲ್ಲಿಸಿದ್ದು.

ಹನ್ನೆರಡು ವರ್ಷದ ಹಿಂದೆ ದೊಡ್ಡ ಮಳೆಗೆ ಬಾಜಾಬಾಯಿಯ ತಲೆಗಲ್ಲು ಬುಡ ಸಡಿಲಾಗಿ ಬಿದ್ದಿತ್ತು. ಅದೇ ಮಳೆಗೆ ಗುಡಿಸಲ ಮುಂದಿನ ಕಾಲುವೆ ಅಂಗಳವನ್ನೇ ಕೊರೆದಿತ್ತು. ಎರಡು ದಿನದ ಮಟ್ಟಿಗೆ ಎಂದುಕೊಂಡು ಅಂಬಪ್ಪ ಆ ಚಪ್ಪಡಿಯನ್ನು ಕಾಲುವೆಗೆ ಅಡ್ಡ ಹಾಕಿದ. ಅಕ್ಷರ ತುಳಿದರೆ ಪಾಪ ಎಂದು ಮುಖ ಕೆಳಗೆ ಮಾಡಿಯೇ ಹಾಕಿದ್ದ. ಎರಡು ದಿನ ಎರಡು ತಿಂಗಳಾಯಿತು. ಒಂದು ದಿನ ಮರಳು ತುಂಬಿದ ಬಂಡಿ ಅದರ ಮೇಲೆ ಹಾದು, ಕಲ್ಲು ಮೂರು ತುಂಡಾಯಿತು. ಅಂದಿನಿಂದ ಅವನ ಸಂಜೆಯ ಎಣಿಕೆ ನಲವತ್ತಕ್ಕೆ ನಿಲ್ಲುತ್ತಿತ್ತು. ಗುಡಿಸಲ ಮುಂದೆ ಬಂದು ತುಂಡುಗಳಿಗೆ ಕೋಲು ತಟ್ಟಿ "ನಲವತ್ತೊಂದು" ಅಂದ ಮೇಲೇ ಅವನಿಗೆ ಅನ್ನ ಇಳಿಯುತ್ತಿದ್ದದ್ದು. ಯಾರೂ ಕೇಳಲಿಲ್ಲ. ಸತ್ತವರಂತೂ ಕೇಳುವವರಲ್ಲ.

ಕೇಳಿದ್ದು ಸಿಕಂದರಾಬಾದಿನ ಒಂದು ಕಾಗದ. ಇಪ್ಪತ್ತು ದಿನದ ಹಿಂದೆ ತಹಶೀಲಿನ ಜವಾನ ಚಾಂದ್‌ಪಾಷಾ ಬಂದು ಓದಿ ಹೇಳಿದ್ದ. ಗ್ರೇಸ್ ಬಾಯಿ ಅಂತ ಒಬ್ಬರು ತಮ್ಮ ಅಜ್ಜಿಯ ಗೋರಿ ನೋಡಲು ಬರುತ್ತಾರೆ. ಮೂಡಣ ಗೋಡೆಯ ಮಗ್ಗುಲು, ಹುಣಸೆ ಮರದ ಹತ್ತಿರದ ಗೋರಿ. ಕಲ್ಲು ಸಲಾಮತ್ ಇದೆಯೇ, ಒಡೆಯದೆ ನೆಟ್ಟಗಿದೆಯೇ ಎಂದು ನೋಡಿ ಅವರ ಕೈಲಿ ದಸ್ಕತ್ತು ಹಾಕಿಸಿಕೊಂಡು ಬರಬೇಕೆಂದು ತಹಶೀಲ್ದಾರ ಸಾಹೇಬರ ಹುಕುಂ.

"ಕಲ್ಲು ಐತಿಲ್ಲೋ ಅಂಬ್ಯಾ?" ಎಂದು ಕೇಳಿದ್ದ ಚಾಂದ್‌ಪಾಷಾ, ಕಾಗದ ಮಡಚುತ್ತ.

"ಇರದ ಎಲ್ಲಿಗೆ ಹೊಕ್ಕೈತ್ರಿ ಸಾಬ್ರ? ಅದಕ್ಕೇನ್ ಕಾಲ್ ಅದಾವ?" ಎಂದಿದ್ದ ಅಂಬಪ್ಪ. ಎಂದವನೇ ಕಾಲುವೆ ಮೇಲಿನ ತುಂಡುಗಳನ್ನು ತನ್ನೆರಡು ಕಾಲಿಂದ ಮರೆಮಾಡಿ ನಿಂತಿದ್ದ.

ಮಸ್ಕಿಯಲ್ಲಿದ್ದ ಯಂಕಮ್ಮನ ತಮ್ಮ ಪಂಪಣ್ಣ ಬಂಡಿಯ ಮೇಲೆ ಹುಲ್ಲು ಮುಚ್ಚಿ ಒಂದು ಕರಿ ಚಪ್ಪಡಿ ತಂದು ಇಳಿಸಿದ. "ನಮ್ಮ ಮಸ್ಕಿ ಗುಡ್ಡದ ಬಂಡೆಗಲ್ಲಿನ ಮ್ಯಾಲೂ ಯಾರೋ ಏನೋ ಕೆತ್ತ್ಯಾರ ಮಾವ, ಓದಾಕ ಎಲ್ಲೆಲ್ಲಿಂದೋ ಮಂದಿ ಬಂದು ಹೋಗ್ಯಾರ. ಕೆತ್ತಿದಾಂವಗೂ ಓದಾಕ ಬರತಿತ್ತೋ ಇಲ್ಲೋ ಯಾರಿಗ್ಗೊತ್ತು? ನೀನೂ ಧೈರ್ಯದಿಂದ ಹೊಡಿ," ಎಂದು ಹೇಳಿ ಹೋದ.

ಅಂಬಪ್ಪ ಮೂರು ತುಂಡುಗಳನ್ನು ಹುಣಸೆಹುಳಿ ಹಾಕಿ ತೊಳೆದು, ಜೋಡಿಸಿಟ್ಟು, ನೂಲು ಹಿಡಿದು ಅಳೆದ. ಇಂಗ್ರೇಜಿ ಅವನಿಗೆ ಅಕ್ಷರವಲ್ಲ, ಆಕಾರ. ಇದು ನೊಗ, ಇದು ಕುಡುಗೋಲು, ಇದು ಬಾಗಿಲು, ಇದು ಅರ್ಧ ಬಳೆ. ಆಕಾರ ತಪ್ಪಿಸುವ ಕೈ ಅವನದ್ದಲ್ಲ. ತೊಡಕಾದದ್ದು ಒಂದೇ ಕಡೆ. ಬಂಡಿಯಿಂದಾದ ಎರಡು ಒಡಕು ಅವನಿಗೆ ಗೊತ್ತಿದ್ದವು. ಅವು ಕಲ್ಲಿನ ಬೆನ್ನುವರೆಗೂ ಹೋಗಿದ್ದವು. ಆದರೆ ಮುಖದ ಮೇಲಷ್ಟೇ ಇನ್ನೊಂದು ಸಣ್ಣ ಗೆರೆ ಇತ್ತು. ಬಲಗಡೆಯ ಮೇಲ್ಮೂಲೆಯಲ್ಲಿ ಹುಟ್ಟಿ, ಬಳುಕುತ್ತ ಬಳುಕುತ್ತ ಅಕ್ಷರಗಳ ನಡುವೆ ಇಳಿದು, ಕೊನೆಯ ಸಾಲಿನ ಕೆಳಗೆ ಒಂದು ಕೊಂಕಿ ಹಾಕಿ ನಿಂತಿತ್ತು.

"ಅದು ಸೀಳು," ಎಂದಿದ್ದಳು ಯಂಕಮ್ಮ.

"ಸೀಳು ಹಿಂಗ ಕೊಂಕಿ ಹಾಕತೈತೇನು? ಅದು ದೊರಿ ದಸ್ಕತ್ತು. ತಹಶೀಲ್ದಾರ್ ಸಾಹೇಬ್ರು ಕಾಗದದ ಕೆಳಗ ಎಳೀತಾರಲ್ಲ, ಹಂಗ."

"ಕಲ್ಲಿನ ಮ್ಯಾಲೆ ದಸ್ಕತ್ತು ಯಾರರ ಹಾಕತಾರೇನು?"

"ನಿನಗ ಇಂಗ್ರೇಜಿ ಬರತೈತೇನು?"

"ನಿನಗ ಬರತೈತೇನು?"

ಯಾರಿಗೂ ಬರುತ್ತಿರಲಿಲ್ಲ. ಸಾಲೆಯ ಮಾಸ್ತರನನ್ನು ಕೇಳೋಣವೆಂದರೆ ಗುಟ್ಟು ರಟ್ಟಾಗುತ್ತದೆ. ಬಿಟ್ಟರೆ ಒಂದು ಕಮ್ಮಿಯಾದೀತು, ಕೆತ್ತಿದರೆ ಏನೂ ಕಮ್ಮಿಯಾಗದು ಎಂದು ಅಂಬಪ್ಪ ತೀರ್ಮಾನಿಸಿದ. ಸಣ್ಣ ಚಾಣ ಮಸೆದು, ಎರಡು ಹಗಲು ಉಸಿರು ಬಿಗಿಹಿಡಿದು, ಆ ಗೆರೆಯನ್ನು ಕೂದಲೆಳೆ ತಪ್ಪದಂತೆ ಕೆತ್ತಿದ. ಇಡೀ ಕಲ್ಲಿನಲ್ಲಿ ಅವನಿಗೆ ಹೆಮ್ಮೆ ತಂದ ಕೆಲಸ ಅದೊಂದೇ.

ರಾಯಚೂರಿನ ಮೋಟಾರು ಬಂದ ಸದ್ದು ಕೇಳಿದಾಗ ಅವನು ಇನ್ನೂ ಮೊಳಕೈ ತೊಳೆಯುತ್ತಿದ್ದ.

ಗ್ರೇಸ್ ಬಾಯಿ ದೊರೆಸಾನಿಯ ಹಾಗೆ ಏನೂ ಇರಲಿಲ್ಲ. ಬಿಳಿ ಸೀರೆ, ಪೂರ್ತಿ ತೋಳಿನ ಕುಪ್ಪಸ, ಧೂಳು ತುಂಬಿದ ಬೂಟು, ಕೈಯಲ್ಲೊಂದು ಕರಿ ಕೊಡೆ. ಅರವತ್ತರ ಆಚೀಚೆ. ಬಣ್ಣ ಯಂಕಮ್ಮನಿಗಿಂತ ಒಂದು ಪಾವು ಬೆಳ್ಳಗೆ. ಅವರ ಹಿಂದೆ, ಎದೆಯ ಪಟ್ಟೆಗೆ ಹಿತ್ತಾಳೆ ಬಿಲ್ಲೆ ಸಿಕ್ಕಿಸಿಕೊಂಡ ಚಾಂದ್‌ಪಾಷಾ, ಅವರ ಚೀಲ ಹೊತ್ತು ಏದುಸಿರು ಬಿಡುತ್ತ ಬಂದ.

"ಏ ಅಂಬ್ಯಾ! ಕುರ್ಚಿ ಎಲ್ಲಿ ಐತ್ಲೇ?"

"ಸತ್ತವ್ರು ಕುರ್ಚಿ ಕೇಳಂಗಿಲ್ರಿ ಸಾಬ್ರ, ಹಂಗಾಗಿ ಇಟ್ಟಿಲ್ಲ," ಎಂದಳು ಯಂಕಮ್ಮ ಸೆರಗಿನ ಮರೆಯಿಂದ.

"ನನಗೂ ಬ್ಯಾಡ," ಎಂದು ನಕ್ಕರು ಗ್ರೇಸ್ ಬಾಯಿ. ಅವರ ಬಾಯಿಂದ ಕನ್ನಡ ಬಂದದ್ದು ಕೇಳಿ ಅಂಬಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಇಂಗ್ರೇಜಿಯವರಾದರೆ ಚಾಂದ್‌ಪಾಷಾ ನಡುವೆ ನಿಂತು ಮಾತು ಅರ್ಧ ನುಂಗುತ್ತಿದ್ದ. ಈಗ ಅಡ್ಡ ಯಾರೂ ಇಲ್ಲ. "ರಾಯಚೂರಿನ ಸಾಲ್ಯಾಗ ಒಂಬತ್ತು ವರ್ಷ ಹುಡುಗ್ಯಾರಿಗೆ ಕಲಿಸೀನಿ. ಅಂಬಪ್ಪ ಅಂದ್ರ ನೀವ ಏನು? ನಡೀರಿ, ಎಲ್ಲಾರನ್ನೂ ತೋರಸ್ರಿ. ನಮ್ಮ ಅಜ್ಜಿ ಕಡೀಗೆ."

ಹಾಗೆ ಎಲ್ಲರನ್ನೂ ತೋರಿಸುವುದಾಯಿತು. ಅಂಬಪ್ಪ ಒಬ್ಬೊಬ್ಬರನ್ನೇ ಹೆಸರು ಹೇಳಿ ಪರಿಚಯಿಸಿದ. ಅವರು ಒಂದೊಂದೇ ಕಲ್ಲು ಓದಿದರು. ಚುಟ್ಟದ ಸಾಹೇಬ ಪಲ್ಟನ್ನಿನ ಡಾಕ್ಟರನೆಂದು ತಿಳಿಯಿತು. "ಜ್ವರದಿಂದಲೇ ಸತ್ತಾನ ಪಾಪ," ಎಂದರು. ಚಾಂದ್‌ಪಾಷಾ "ಯಾ ಅಲ್ಲಾ, ಅಂವನ ಹತ್ರ ನಾನೂ ಚುಟ್ಟ ಇಟ್ಟೀನ್ರಿ," ಎಂದು ಗಲ್ಲ ಬಡಿದುಕೊಂಡ. ಕುದುರೆ ದೊರೆಯ ಕಲ್ಲಿನಲ್ಲಿ ಕುದುರೆಯ ಸುದ್ದಿಯೇ ಇರಲಿಲ್ಲ. ಅವನು ರಸ್ತೆ ಮಾಡಿಸುವವನಾಗಿದ್ದ. "ಎತ್ತಿಗೆ ಮಾತ್ರ ಗುಣ ಆಗತೈತ್ರಿ," ಎಂದ ಅಂಬಪ್ಪ. "ಆಗಬೇಕಲ್ಲ, ರಸ್ತೆ ಒಳ್ಳೇದಿದ್ರ," ಎಂದು ಗ್ರೇಸ್ ಬಾಯಿ ಅಂದಾಗ ಅವನು ತನ್ನ ಭಯ ಮರೆತು ನಕ್ಕ. ಮರುಗಳಿಗೆಗೇ ನೆನಪಾಯಿತು. ಹುಣಸೆ ಮರ ಬಂದಿತ್ತು.

"ಬಾಜಾಬಾಯಿ," ಎಂದ ಅಂಬಪ್ಪ. ಕಲ್ಲಿನ ಕಡೆ ನೋಡದೆ ಬರೀ ಕೈ ತೋರಿಸಿದ.

"ಏನಂದ್ರಿ?"

ಅವನು ಮದುವೆಯ ವಾಲಗದ ಸಂಗತಿ ಹೇಳಿದ. ಅಪ್ಪನ ಕಾಲದಿಂದಲೂ ಹೀಗೇ, ಹೋದ ವಾರವೂ ಒಂದು ಮೆರವಣಿಗೆ ನಿಂತು ಬಾರಿಸಿ ಹೋಯಿತು ಎಂದ. ಗ್ರೇಸ್ ಬಾಯಿ ಕೊಡೆಯನ್ನು ನೆಲಕ್ಕೆ ಊರಿ, ಅದರ ಮೇಲೆ ಎರಡೂ ಕೈಯಿಟ್ಟು ನಿಂತರು.

"ನಮ್ಮ ತಾತ ಪಲ್ಟನ್ನಿನ ಬ್ಯಾಂಡ್ ಮಾಸ್ತರ," ಎಂದರು. "ಈಕಿ ಅಂವನ ಹೆಂಡತಿ ಇಸಬೆಲ್ಲಾ. ಇಪ್ಪತ್ನಾಕು ವರ್ಷದಾಕಿ. ಬ್ಯಾಂಡಿನವರು ಮೂರು ದಿನ ಇಲ್ಲೇ ಬಾರಿಸಿದ್ರಂತ. ನಾವು ಮನ್ಯಾಗಿನವರ ಅದನ್ನ ಮರತೀವಿ."

ಅಂಬಪ್ಪನ ಮೈ ಒಂದು ಕ್ಷಣ ಹಗುರಾಯಿತು. ಆಗಲೇ ಅವರು ಚೀಲದಿಂದ ಒಂದು ತಗಡಿನ ಕೊಳವೆ ತೆಗೆದರು. ಅದರೊಳಗಿಂದ ಸುರುಳಿ ಸುತ್ತಿದ ಹಳದಿ ಕಾಗದ ಬಂತು. ಬಿಚ್ಚಿದರೆ ಕಲ್ಲಿನಷ್ಟೇ ಉದ್ದ, ಕಲ್ಲಿನಷ್ಟೇ ಅಗಲ. ಕರಿ ನೆಲದ ಮೇಲೆ ಬಿಳಿ ಅಕ್ಷರ.

"ಛಾವಣಿ ಎದ್ದಾಗ ತಾತ ಕಲ್ಲಿನ ಮ್ಯಾಲೆ ಕಾಗದ ಹಿಡಿದು, ಇದ್ದಿಲು ತಿಕ್ಕಿ ಅಚ್ಚು ತಗದದ್ದು ಇದು. ಕಲ್ಲಂತೂ ಹೊತ್ತೊಯ್ಯಾಕ ಬರಂಗಿಲ್ಲಲ್ಲ. ಚಾಂದ್‌ಪಾಷಾ, ಆ ತುದಿ ಹಿಡೀರಿ. ಹೋಲಿಸಿ ನೋಡೂಣು."

ಕಲ್ಲನ್ನೇ ಸುಳ್ಳು ಸಾಕ್ಷಿಯಾಗಿ ನಿಲ್ಲಿಸಿದ್ದ ಅಂಬಪ್ಪನ ಎದುರು ಸತ್ಯಸಾಕ್ಷಿಯೇ ಬಂದು ನಿಂತಿತ್ತು. ಗುಡಿಸಲಿನ ಮಡಕೆ ಕುಡಿಕೆಗಳನ್ನು ಯಾವ ಬಂಡಿಗೆ ಹೇರುವುದೆಂದು ಅವನ ಮನಸ್ಸು ಆಗಲೇ ಯೋಚಿಸತೊಡಗಿತು. ಪಂಪಣ್ಣನ ಬಂಡಿಯನ್ನೇ ಕರೆಸಬೇಕು. ಮಸ್ಕಿಯಲ್ಲಿ ಎಷ್ಟು ದಿನ ಅಂತ ಇರುವುದು?

ಅವರು ಕಾಗದವನ್ನು ಕಲ್ಲಿನ ಮಗ್ಗುಲಿಗೆ ಹಿಡಿದು ಮೊದಲ ಸಾಲಿಗೆ ಬೆರಳಿಟ್ಟರು. ಕಾಗದ, ಕಲ್ಲು. ಕಾಗದ, ಕಲ್ಲು. ಎರಡನೇ ಸಾಲು. ಮೂರನೇ ಸಾಲು. ಅಂಬಪ್ಪ ಬೆರಳನ್ನು ನೋಡಲಿಲ್ಲ, ಅವರ ಹುಬ್ಬು ನೋಡುತ್ತಿದ್ದ. ಹುಬ್ಬು ಒಮ್ಮೆಲೇ ಮೇಲೆದ್ದಿತು.

"ಅಯ್ಯ! ಇದೂ ಐತಿ!"

"ಏನ್ರಿ ಬಾಯಿಸಾಹೇಬ?" ಎಂದ ಚಾಂದ್‌ಪಾಷಾ.

"ಸೀಳು! ನೋಡ್ರಿಲ್ಲೆ, ಕಾಗದದಾಗೂ ಐತಿ. ಕಲ್ಲು ಬಂಡಿಯಿಂದ ಇಳಸುವಾಗ ಮಗಚಿ ಸೀಳು ಬಿತ್ತಂತ. ಬ್ಯಾರೆ ಕಲ್ಲು ತರಸಬೇಕಂದ್ರ ತಾತ ಬ್ಯಾಡಂದ್ನಂತ. ನಮ್ಮವ್ವ ಯಾವಾಗಲೂ ಹೇಳತಿದ್ಲು, ಲಿಂಗಸೂಗೂರಿಗೆ ಹೋದ್ರ ಸೀಳು ನೋಡಿ ಗುರ್ತು ಹಿಡಿ ಅಂತ."

ಹಿಂದಿನಿಂದ ಗುಟುಕು ನೀರು ಗಂಟಲಿಗೆ ಸಿಕ್ಕ ಹಾಗೊಂದು ಸದ್ದು ಬಂತು. ಯಂಕಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿ ನಿಂತಿದ್ದಳು, ಭುಜ ಕುಣಿಯುತ್ತಿದ್ದವು. ಅಂಬಪ್ಪನಿಗೆ ನಗುವೋ ಅಳುವೋ ತಿಳಿಯಲಿಲ್ಲ. ಎರಡು ಹಗಲು! ಕಣ್ಣು ಕಿತ್ತು ಬರುವ ಹಾಗೆ ಕೂತು ಅವನು ಕೆತ್ತಿದ್ದು ಬರೀ ಒಂದು ಸೀಳು. ಆ ಸೀಳೇ ಇವತ್ತು ಅವನ ಗುಡಿಸಲಿನ ಮೇಲೆ ಮಾಡು ಉಳಿಸಿತ್ತು.

"ಸಲಾಮತ್ ಅಂತ ಬರದಬಿಡಲೇನ್ರಿ?" ಚಾಂದ್‌ಪಾಷಾ ಆಗಲೇ ದಫ್ತರ ಬಿಚ್ಚಿದ್ದ.

"ಬರೀರಿ," ಎನ್ನುತ್ತ ಗ್ರೇಸ್ ಬಾಯಿ ಸೀಳಿನ ಉದ್ದಕ್ಕೂ ಬೆರಳು ಎಳೆದರು, ಮೇಲ್ಮೂಲೆಯಿಂದ ಕೆಳಗಿನ ಕೊಂಕಿಯವರೆಗೆ. ಅವ್ವ ಹೇಳಿದ್ದ ದಾರಿಯಲ್ಲಿ ನಡೆದು ನೋಡುವವರ ಹಾಗೆ. ಅರ್ಧ ದಾರಿಯಲ್ಲಿ ಬೆರಳು ನಿಂತಿತು. ಹಿಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ ಬಂತು. ಸೀಳಿಗೆ ತಳ ಇರುವುದಿಲ್ಲ. ಇದಕ್ಕಿತ್ತು, ಸಣ್ಣ ಚಾಣದ ಒಂದೇ ಸಮನಾದ ಹಲ್ಲುಗುರುತಿನ ತಳ. ಅವರು ಬೆರಳ ತುದಿ ನೋಡಿಕೊಂಡರು. ಮಸಿ. ಮೂಗಿನ ಹತ್ತಿರ ಹಿಡಿದರು. ಹರಳೆಣ್ಣೆ.

ಆಮೇಲೆ ಅಂಬಪ್ಪನ ಕಡೆ ನೋಡಿದರು. ರಾಯಚೂರು, ಸಿಕಂದರಾಬಾದು ಸೇರಿ ಇಪ್ಪತ್ತೈದು ವರ್ಷ ಮಕ್ಕಳ ಪಾಟಿಗಳನ್ನು ತಿದ್ದಿದ ಕಣ್ಣು ಅದು. ಅಂಬಪ್ಪ ಕೈಗಳನ್ನು ಬೆನ್ನ ಹಿಂದೆ ಒಯ್ದ. ಉಗುರಿನ ಸಂದಿಯಲ್ಲಿ ಅದೇ ಮಸಿ ಇತ್ತು.

"ಇಲ್ಲೆ ದಸ್ಕತ್ತು ಮಾಡ್ರಿ ಬಾಯಿಸಾಹೇಬ," ಎಂದು ಚಾಂದ್‌ಪಾಷಾ ಕಾಗದ ಚಾಚಿದ.

ಗ್ರೇಸ್ ಬಾಯಿ ಬೆರಳನ್ನು ಕರ್ಚೀಫಿನಲ್ಲಿ ಸಾವಕಾಶ ಒರೆಸಿಕೊಂಡರು. ಲೇಖನಿ ತೆಗೆದುಕೊಂಡರು. ಒಂದು ಗಳಿಗೆ ಕಲ್ಲು ನೋಡಿದರು. ದಸ್ಕತ್ತು ಹಾಕಿದರು.

"ಚಾಂದ್‌ಪಾಷಾ, ನನಗೊಂದು ಕಪ್ಪು ಚಹಾ ಸಿಗತೈತೇನು ಊರಾಗ?"

"ಸಿಗದ ಏನ್ರಿ! ಬುಡ್ಡೇಸಾಬನ ಹೋಟೆಲಿನ್ಯಾಗ ಫಸ್ಟ್ ಕ್ಲಾಸ್," ಎಂದು ಕಾಗದವನ್ನು ರುಮಾಲಿನೊಳಗೆ ಸಿಕ್ಕಿಸಿಕೊಂಡು ಅವನು ಹೊರಟ.

ಅವನ ಚಪ್ಪಲಿ ಸದ್ದು ಗೋಡೆಯಾಚೆ ತಿರುಗಿದ ಮೇಲೆ ಗ್ರೇಸ್ ಬಾಯಿ ಕೇಳಿದರು: "ಹಳೇದು ಎಲ್ಲೈತಿ?"

ಅಂಬಪ್ಪ ಮುಂದೆ ನಡೆದ. ಗುಡಿಸಲ ಹಿಂದೆ ಹೋಗಿ ಜೋಳದ ಸೊಪ್ಪೆಯ ಕಟ್ಟು ಸರಿಸಿದ. ಮೂರು ತುಂಡುಗಳು ಜೋಡಿಸಿಟ್ಟ ಹಾಗೇ ಇದ್ದವು, ಹುಳಿ ಹಾಕಿ ತೊಳೆದು ಕರ್ರಗೆ ಮಿಂಚುತ್ತ. ಕಾಲುವೆ, ಬಂಡಿ, ಹನ್ನೆರಡು ವರ್ಷ, ಎಲ್ಲವನ್ನೂ ಅವನು ತಲೆಯೆತ್ತದೆ ಹೇಳಿದ. ದಿನಾ ಸಂಜೆ ಇವಕ್ಕೇ ಕೋಲು ತಟ್ಟಿ ನಲವತ್ತೊಂದು ಎಣಿಸಿದ್ದನ್ನೂ ಹೇಳಿದ.

"ತುಳಿದಿಲ್ರೀ ಬಾಯಾರ," ಎಂದಳು ಯಂಕಮ್ಮ ನಡುವೆ ಬಂದು. "ಮಾರಿ ಕೆಳಗ ಮಾಡಿ ಹಾಕಿದ್ದ. ಬೆನ್ನಿನ ಮ್ಯಾಲಷ್ಟ ತುಳಿದೀವಿ. ಆಣಿ."

ಗ್ರೇಸ್ ಬಾಯಿ ಬೂಟಿನ ಧೂಳು, ಬಿಳಿ ಸೀರೆ ಯಾವುದನ್ನೂ ಲೆಕ್ಕಿಸದೆ ನೆಲದ ಮೇಲೆ ಕೂತರು. ಒಡೆದ ಕಲ್ಲಿನ ಸೀಳಿಗೆ ಬೆರಳಿಟ್ಟು ನೋಡಿದರು. ಇದಕ್ಕೆ ತಳ ಇರಲಿಲ್ಲ.

"ಒಂದ ಮಾತು ಕೇಳತೀನಿ, ಖರೇ ಹೇಳ್ರಿ. ಅಕ್ಷರ ಸರಿ, ನೋಡಿ ಕೆತ್ತೀರಿ. ಸೀಳು ಯಾಕ ಕೆತ್ತಿದ್ರಿ? ನನಗ ಮೋಸ ಮಾಡಾಕೇನು?"

"ಇಲ್ರೀ ಅವ್ವಾರ!" ಅಂಬಪ್ಪನ ದನಿ ಮೊದಲ ಬಾರಿ ಗಟ್ಟಿಯಾಯಿತು. "ಅದು... ದೊರಿ ದಸ್ಕತ್ತು ಅನಕೊಂಡಿದ್ದೆ."

ಗ್ರೇಸ್ ಬಾಯಿ ನಕ್ಕರು. ಸಣ್ಣಗೆ ಶುರುವಾದದ್ದು ದೊಡ್ಡದಾಗಿ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವ ಹಾಗಾಯಿತು. ಬೆಳಗಿನಿಂದ ತಡೆದುಕೊಂಡಿದ್ದ ಯಂಕಮ್ಮ ಸೆರಗು ಬಿಟ್ಟು ಅವರ ಜೊತೆ ಸೇರಿದಳು. "ನಾ ಹೇಳಿದ್ನಿರೀ, ಸೀಳು ಅಂತ! ನಿನಗ ಇಂಗ್ರೇಜಿ ಬರತೈತೇನು ಅಂತ ನನಗ ಕೇಳಿದ್ದ ಈ ಮನಶ್ಯಾ!" ಹುಣಸೆ ಮರದ ಗಿಳಿಗಳು ಹೆದರಿ ಎದ್ದುಹೋದವು. ಅಂಬಪ್ಪನ ಎದೆಯ ಮೇಲಿಂದ ಹನ್ನೆರಡು ವರ್ಷದ ಚಪ್ಪಡಿಯೊಂದನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಅವನು ಕೂತ. ಕೂತ ಮೇಲೆ ಅವನಿಗೂ ನಗು ಬಂತು.

"ಈ ಮೂರನ್ನೂ ಅಜ್ಜಿ ಕಾಲಿನ ಹತ್ರ ಹುಗದಬಿಡ್ರಿ," ಎಂದರು ಗ್ರೇಸ್ ಬಾಯಿ, ಏಳುತ್ತ. "ಇನ್ನ ಗುಡಿಸಲ ಹತ್ರ ಎಣಸೂದು ಸಾಕು. ಎಣಿಕಿ ಅಜ್ಜಿ ಹತ್ರಾನ ಮುಗೀಲಿ."

"ಆತ್ರಿ," ಎಂದ ಅಂಬಪ್ಪ. ಮತ್ತೆ ಅವರ ಹಿಂದೆಯೇ ಬಾಜಾಬಾಯಿಯ ಹತ್ತಿರ ಬಂದ. ಬಿಸಿಲು ಈಗ ನೇರ ಕಲ್ಲಿನ ಮೇಲಿತ್ತು. ಸಗಣಿ ಒಣಗಿ ಉದುರಿ, ಅಲ್ಲಲ್ಲಿ ಹೊಸ ಕೆತ್ತನೆ ಬೆಳ್ಳಗೆ ಇಣುಕುತ್ತಿತ್ತು. ಎಲ್ಲ ಭಯ ಹೋದ ಮೇಲೆ ಅವನಿಗೆ ಮೊದಲು ಕಂಡದ್ದು ಆ ಸೀಳು. ಇಷ್ಟು ಹೊತ್ತು ಹೆದರಿಕೆ ಕೂತಿದ್ದ ಜಾಗದಲ್ಲಿ ಈಗ ಕಲ್ಲುಕುಟಿಗನ ನಾಚಿಕೆ ಬಂದು ಕೂತಿತು.

"ಅವ್ವಾರ, ನಮ್ಮ ವಂಶದಾಗ ಸೀಳು ಕೆತ್ತಿದಾಂವ ನಾನೊಬ್ಬನ. ನಮ್ಮಪ್ಪ ಇದ್ದಿದ್ರ ಚಾಣ ಕಸಗೊಂಡು ಬೆನ್ನಿಗೆ ಬಿಡತಿದ್ದ. ಹದಿನೈದು ದಿನ ಕೊಡ್ರಿ. ಮಸ್ಕಿಯಿಂದ ಇನ್ನೊಂದು ಕಲ್ಲು ತರಿಸಿ, ಕನ್ನಡಿ ಹಂಗ ತಿಕ್ಕಿ, ಒಂದು ಗೀರು ಇಲ್ಲದಂಗ ಕೆತ್ತಿ ನಿಲ್ಲಸ್ತೀನಿ. ಕೂಲಿ ಗೀಲಿ ಏನೂ ಬ್ಯಾಡ. ಅಜ್ಜಿಗೆ ಚಲೋ ಕಲ್ಲು ಆಕ್ಕೈತಿ."

ಗ್ರೇಸ್ ಬಾಯಿ ಕಾಗದವನ್ನು ಸುರುಳಿ ಸುತ್ತಿ ಕೊಳವೆಗೆ ಹಾಕಿ, ಮುಚ್ಚಳ ಬಿಗಿ ಮಾಡಿದರು.

"ಬ್ಯಾಡ," ಎಂದರು, ತಾತ ಅಂದಿದ್ದ ಹಾಗೇ.